ಬದುವಿನ ಭತ್ತಕ್ಕೆ ಬೆಂಕಿ ರೋಗ ಬರಲಿಲ್ಲವೇಕೆ?

1991ರ ಅಕ್ಟೋಬರ್ ತಿಂಗಳು. ದಸರಾ ರಜೆ ಮುಗಿದು ಶಾಲೆ ತೆರೆದಿತ್ತು. ಹತ್ತನೆಯ ತರಗತಿಗೆ ನಾನು ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಎತ್ತರದ ಬಟಾಣಿ, ಕುಳ್ಳು ಬಟಾಣಿ, ಪ್ರಬಲ ಗುಣ, ದುರ್ಬಲ ಗುಣ, ಮೂರಕ್ಕೆ ಒಂದರ ಅನುಪಾತ ಎಲ್ಲವನ್ನೂ ಬರೆದು, ಮಕ್ಕಳು ನಕಲು ಮಾಡಿಕೊಳ್ಳಲೆಂದು ಕಿಟಕಿಯ ಕಡೆ ತಿರುಗಿದ್ದೆ. ಹೊರಗೆ, ಶಾಲೆಯ ಬೇಲಿಗೆ ತಾಗಿಕೊಂಡೇ ಇದ್ದ ಗದ್ದೆಯಲ್ಲಿ ಆ ವರ್ಷದ ಭತ್ತ ಬೆಂಕಿ ರೋಗಕ್ಕೆ ತುತ್ತಾಗಿ ನಿಂತಿತ್ತು. ಎಲೆಯ ಮೇಲೆ ವಜ್ರಾಕಾರದ ಚುಕ್ಕೆಗಳು, ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು, ಕಾಳು ಜೊಳ್ಳು. ದೂರದಿಂದ ನೋಡಿದರೆ ಯಾರೋ ಗದ್ದೆಗೆ ಕಿಚ್ಚಿಟ್ಟಂತೆ ಕಾಣುತ್ತಿತ್ತು. ಹೆಸರೇನೂ ಸುಮ್ಮನೆ ಬಂದದ್ದಲ್ಲ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಆ ಗದ್ದೆ ಅವರದ್ದೇ.

"ಸಾರ್, ಬಟಾಣಿ ನಮ್ಮೂರಲ್ಲಿ ಬೆಳೆಯೋದೇ ಇಲ್ಲ. ಭತ್ತಕ್ಕೂ ಹಿಂಗೇನಾ ಸಾರ್? ನಮ್ಮ ಗದ್ದೆ ಪೂರ್ತಿ ಬೆಂಕಿ ಬಂದು ಹೋಯ್ತು. ಬದುವಿನಲ್ಲಿ ತಾನಾಗೇ ಹುಟ್ಟಿದ ಮುಳ್ಳುಭತ್ತ ಮಾತ್ರ ಹಸಿರಾಗೇ ನಿಂತಿದೆ. ಅದಕ್ಕೆ ಯಾಕೆ ಬರಲಿಲ್ಲ?"

ನಾನು ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. "ಪರೀಕ್ಷೆಗೆ ಅದೆಲ್ಲ ಬರೋದಿಲ್ಲ. ಕೂತ್ಕೋ."

ತರಗತಿ ನಕ್ಕಿತು. ಹುಡುಗ ಕುಳಿತ. ಸತ್ಯವೇನೆಂದರೆ, ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವಷ್ಟು ದೊಡ್ಡತನವೂ ಆಗ ಇರಲಿಲ್ಲ. ಸೇವೆಯಿಂದ ನಿವೃತ್ತನಾದ ಮೇಲೆ ಬಿಡುವಾಗಿ ಓದಲು ಕುಳಿತಾಗ, ಆ ಪ್ರಶ್ನೆಯ ಬೆನ್ನು ಹಿಡಿದು ಹೋದೆ. ಅದು ಕಟಕ್, ಮನಿಲಾ, ಆಫ್ರಿಕಾದ ಮಾಲಿ, ಚೀನಾದ ಯುನ್ನಾನ್ ಎಲ್ಲವನ್ನೂ ಸುತ್ತಿ ಮತ್ತೆ ನಮ್ಮ ಬದುವಿಗೇ ಬಂದು ನಿಂತಿತು. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಓದಲಿ ಎಂದು ಆ ಕಥೆಯನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ರೋಗ ಮತ್ತು ಕ್ಷಾಮ

ಭತ್ತದ ರೋಗವೆಂದರೆ ರೈತನೊಬ್ಬನ ನಷ್ಟವೆಂದಷ್ಟೇ ತಿಳಿಯುವವರಿಗೆ 1943ರ ಬಂಗಾಳವನ್ನು ನೆನಪಿಸಬೇಕು. ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು 20ರಿಂದ 30 ಲಕ್ಷವೆಂದು ಅಂದಾಜು ಮಾಡುತ್ತಾರೆ. ಅದಕ್ಕೆ ಕಾರಣಗಳು ಹಲವು: ಯುದ್ಧ, ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತದ್ದು, ಚಂಡಮಾರುತ, ಗಗನಕ್ಕೇರಿದ ಬೆಲೆ, ಆಳುವವರ ನಿರ್ದಯ ನೀತಿ. ಅಕ್ಕಿ ಇದ್ದರೂ ಕೊಳ್ಳುವ ಶಕ್ತಿ ಬಡವರಿಗೆ ಇರಲಿಲ್ಲವೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆದರೆ 1942ರ ಬೆಳೆಗೆ ಕಂದು ಚುಕ್ಕೆ ರೋಗವೆಂಬ ಶಿಲೀಂಧ್ರ ರೋಗ ಭೀಕರವಾಗಿ ಬಡಿದಿತ್ತೆಂಬುದನ್ನೂ ಮರೆಯುವಂತಿಲ್ಲ. ಸಸ್ಯರೋಗ ತಜ್ಞ ಎಸ್. ವೈ. ಪದ್ಮನಾಭನ್ ಅವರು 1973ರಲ್ಲಿ ಈ ವಿಷಯವನ್ನು ಎತ್ತಿ ಬರೆದರು. ಈ ವಾದಗಳಲ್ಲಿ ಯಾವುದಕ್ಕೆ ಎಷ್ಟು ತೂಕವೆಂಬುದನ್ನು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. ಕ್ಷಾಮದ ನೆನಪು ಹಸಿಯಾಗಿದ್ದಾಗಲೇ, 1946ರಲ್ಲಿ, ಒಡಿಶಾದ ಕಟಕ್‌ನಲ್ಲಿ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆ ಆರಂಭವಾಯಿತು. ಈ ಕಟಕ್ ನಮ್ಮ ಕಥೆಯಲ್ಲಿ ಮುಂದೆ ಮತ್ತೊಮ್ಮೆ ಬರುತ್ತದೆ.

ಮೆಂಡಲ್ ಹೇಳಿದ್ದು, ಹೇಳದೆ ಉಳಿದದ್ದು

ರೋಗವನ್ನು ತಡೆದುಕೊಳ್ಳುವ ಶಕ್ತಿಯೂ ತಂದೆತಾಯಿಯಿಂದ ಮಕ್ಕಳಿಗೆ ಲೆಕ್ಕಾಚಾರವಾಗಿ ಬರುತ್ತದೆಯೇ? ಮೆಂಡಲ್ ತನ್ನ ಬಟಾಣಿಯ ಪ್ರಯೋಗಗಳನ್ನು 1865ರಲ್ಲಿ ಓದಿದ, 1866ರಲ್ಲಿ ಅಚ್ಚು ಹಾಕಿಸಿದ. ಅವನು ನೋಡಿದ್ದು ಕಾಳಿನ ಆಕಾರ, ಬಣ್ಣ, ಗಿಡದ ಎತ್ತರ ಮುಂತಾದ ಏಳು ಗುಣಗಳನ್ನು; ರೋಗದ ಗೋಜಿಗೆ ಹೋಗಲಿಲ್ಲ. 1900ರಲ್ಲಿ ಜಗತ್ತು ಅವನನ್ನು ಮರಳಿ ಕಂಡುಕೊಂಡಿತು. ಅದಾಗಿ ಐದೇ ವರ್ಷಕ್ಕೆ, 1905ರಲ್ಲಿ, ಕೇಂಬ್ರಿಜ್‌ನ ರೋಲಂಡ್ ಬಿಫೆನ್ ಎಂಬಾತ ಗೋಧಿಯ ಹಳದಿ ತುಕ್ಕು ರೋಗವನ್ನು ಹಿಡಿದು ಪರೀಕ್ಷಿಸಿದ. ರೋಗ ತಗಲುವ ಗೋಧಿಯನ್ನೂ ತಗಲದ ಗೋಧಿಯನ್ನೂ ಸಂಕರ ಮಾಡಿದಾಗ ಎರಡನೆಯ ಪೀಳಿಗೆಯಲ್ಲಿ ರೋಗ ತಗಲುವ ಮೂರು ಗಿಡಕ್ಕೆ ತಗಲದ ಗಿಡ ಒಂದು! ನಾನು ಹಲಗೆಯ ಮೇಲೆ ವರ್ಷ ವರ್ಷವೂ ಬರೆದ ಅದೇ ಅನುಪಾತ. ಅಂದರೆ ನಿರೋಧಕ ಶಕ್ತಿಯೆಂಬುದು ಮಣ್ಣಿನ ಮಹಿಮೆಯೂ ಅಲ್ಲ, ದೇವರ ಕೃಪೆಯೂ ಅಲ್ಲ; ಬೀಜದೊಳಗೆ ಬರೆದಿಟ್ಟ ಗುಣ.

ಹಾಗಾದರೆ ಆ ಬೀಜವನ್ನು ಕಂಡುಹಿಡಿದು ಎಲ್ಲರಿಗೂ ಹಂಚಿಬಿಟ್ಟರೆ ಕೆಲಸ ಮುಗಿಯಿತಲ್ಲ? ಮುಗಿಯುವುದಿಲ್ಲ. ಅದೇಕೆಂದು ತೋರಿಸಿಕೊಟ್ಟವನು ಅಮೆರಿಕದ ಉತ್ತರ ಡಕೋಟಾದಲ್ಲಿ ಅಗಸೆ ಗಿಡದ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಫ್ಲೋರ್. 1940ರ ದಶಕದಲ್ಲಿ ಅವನು ಗಿಡದ ವಂಶವಾಹಿಗಳನ್ನಷ್ಟೇ ಅಲ್ಲ, ರೋಗ ತರುವ ಶಿಲೀಂಧ್ರದ ವಂಶವಾಹಿಗಳನ್ನೂ ಜೊತೆಜೊತೆಗೇ ಅಭ್ಯಾಸ ಮಾಡಿದ. ಗಿಡದ ಒಂದೊಂದು ನಿರೋಧಕ ವಂಶವಾಹಿಗೂ ರೋಗಾಣುವಿನಲ್ಲಿ ಅದಕ್ಕೆ ಸರಿಹೊಂದುವ ಒಂದು ವಂಶವಾಹಿ ಇರುತ್ತದೆ ಎಂಬುದು ಅವನ ಸಿದ್ಧಾಂತ.

ಇದನ್ನು ತರಗತಿಯಲ್ಲಿ ಹೇಳುವುದಾದರೆ ನಾನು ಹೀಗೆ ಹೇಳುತ್ತಿದ್ದೆ. ಮನೆಯ ಬಾಗಿಲಲ್ಲಿ ಒಂದು ನಾಯಿ ಇದೆಯೆನ್ನಿ. ಅದಕ್ಕೆ ಒಬ್ಬ ಕಳ್ಳನ ವಾಸನೆ ಮಾತ್ರ ಗೊತ್ತು. ಅವನು ಬಂದೊಡನೆ ಬೊಗಳುತ್ತದೆ, ಮನೆಯವರು ಎದ್ದು ಓಡಿಸುತ್ತಾರೆ. ಆದರೆ ಅವನ ಮಕ್ಕಳಲ್ಲಿ ಒಬ್ಬನ ಮೈವಾಸನೆ ಸ್ವಲ್ಪ ಬೇರೆಯಾದರೆ ಸಾಕು, ನಾಯಿ ಮಲಗಿಯೇ ಇರುತ್ತದೆ. ರೋಗಾಣುವಿಗೋ ಒಂದು ಮಳೆಗಾಲದಲ್ಲಿ ಕೋಟಿ ಕೋಟಿ ಮಕ್ಕಳು. ಊರಿನ ಮನೆಮನೆಯಲ್ಲೂ ಇರುವುದು ಅದೇ ತಳಿಯ, ಅದೇ ಒಂದೇ ವಾಸನೆ ಬಲ್ಲ ನಾಯಿಯಾದರೆ, ವಾಸನೆ ಬದಲಾದ ಒಬ್ಬನೇ ಕಳ್ಳ ಇಡೀ ಊರನ್ನು ದೋಚಬಲ್ಲ. ಮುಂದಿನ ಕಥೆಯೆಲ್ಲ ಈ ನಾಯಿಗಳ ಕಥೆಯೇ.

ಐಆರ್ ಎಂಟು ಮತ್ತು ಹುಲ್ಲಾದ ಭತ್ತ

1960ರಲ್ಲಿ ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್ ಎಂಬಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ಅದು ಐಆರ್ ಎಂಟು ಎಂಬ ತಳಿಯನ್ನು ಬಿಡುಗಡೆ ಮಾಡಿತು. ಇಂಡೋನೇಷ್ಯಾದ ಎತ್ತರದ ಪೇಟಾ ತಳಿಗೂ ತೈವಾನಿನ ಕುಳ್ಳು ತಳಿಯೊಂದಕ್ಕೂ ಹುಟ್ಟಿದ್ದು ಅದು. ಎಷ್ಟು ಗೊಬ್ಬರ ಕೊಟ್ಟರೂ ಬಾಗಿ ಬೀಳದೆ ತೆನೆ ಹೊತ್ತು ನಿಲ್ಲುತ್ತಿತ್ತು. ನಾನು ಹನ್ನೊಂದೋ ಹನ್ನೆರಡೋ ವರ್ಷದವನಿದ್ದಾಗ ಅದು ನಮ್ಮ ಮಲೆನಾಡಿನ ಮನೆಗೂ ಬಂತು. ಗ್ರಾಮಸೇವಕರು ಸೈಕಲ್ಲಿನ ಹಿಂದೆ ಬೀಜದ ಚೀಲ ಕಟ್ಟಿಕೊಂಡು ಬಂದದ್ದು, ನನ್ನ ತಂದೆ ಆ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದ್ದು ನೆನಪಿದೆ.

ಹಸಿದ ಏಷ್ಯಾಕ್ಕೆ ಅನ್ನ ಕೊಟ್ಟ ತಳಿಯನ್ನು ಹೀಗಳೆಯುವವನು ನಾನಲ್ಲ. ಆದರೆ ಐಆರ್ ಎಂಟಿನ ಬಾಗಿಲಲ್ಲಿ ನಾಯಿಗಳು ಕಡಿಮೆ. ದುಂಡಾಣು ಅಂಗಮಾರಿ, ಟುಂಗ್ರೋ ಮೊದಲಾದ ರೋಗಗಳು ಅದನ್ನು ಸುಲಭವಾಗಿ ಹೊಕ್ಕವು. ಜೊತೆಗೆ ಸಾವಿರಾರು ಮೈಲಿಗಳುದ್ದಕ್ಕೂ ಒಂದೇ ಮಾದರಿಯ ಕುಳ್ಳು ತಳಿಗಳು, ವರ್ಷಕ್ಕೆ ಎರಡು ಬೆಳೆ, ಧಾರಾಳ ಯೂರಿಯಾ. ಕಂದು ಜಿಗಿ ಹುಳುವಿಗೆ ಇದಕ್ಕಿಂತ ಹಬ್ಬ ಬೇರೆ ಬೇಕೆ? 1970ರ ದಶಕದಲ್ಲಿ ಆ ಹುಳು ಒಂದು ವೈರಸ್ಸನ್ನೂ ಹೊತ್ತು ತಂದಿತು. ಅದು ತಗಲಿದ ಭತ್ತದ ಗಿಡ ಎತ್ತರಕ್ಕೆ ಬೆಳೆಯದೆ, ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ತೆಂಡೆಗಳನ್ನು ಒಡೆದು, ಹುಲ್ಲಿನ ಗುಪ್ಪೆಯಂತೆ ಕುಳಿತುಬಿಡುತ್ತಿತ್ತು. ತೆನೆಯೇ ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ಗ್ರಾಸಿ ಸ್ಟಂಟ್ ಎನ್ನುತ್ತಾರೆ. ಭತ್ತ ಮತ್ತೆ ಹುಲ್ಲಾಗುವುದೆಂದರೆ ಸಾವಿರಾರು ವರ್ಷಗಳ ಬೇಸಾಯ ಹಿಂದಕ್ಕೆ ಹೋದಂತೆ.

ಆರು ಸಾವಿರದಲ್ಲಿ ಒಂದು

ಈ ವೈರಸ್ಸಿಗೆ ಔಷಧವಿರಲಿಲ್ಲ. ತಡೆಯಬಲ್ಲ ತಳಿ ಎಲ್ಲಾದರೂ ಇದೆಯೇ ಎಂದು ಲಾಸ್ ಬಾನ್ಯೋಸ್‌ನ ವಿಜ್ಞಾನಿಗಳು ಕೂಡಿಟ್ಟ ಬೀಜಗಳನ್ನೆಲ್ಲ ಮೊಳೆಯಿಸಿ, ರೋಗ ಹತ್ತಿಸಿ ಪರೀಕ್ಷಿಸಿದರು. ಆರು ಸಾವಿರಕ್ಕೂ ಮಿಕ್ಕ ಮಾದರಿಗಳು. ನಾಡ ತಳಿಗಳು, ಸುಧಾರಿತ ತಳಿಗಳು, ಕಾಡು ಜಾತಿಗಳು. ಒಂದೊಂದಾಗಿ ಎಲ್ಲವೂ ಹುಲ್ಲಾದವು. ಕೊನೆಗೆ ಉಳಿದದ್ದು ಒಂದೇ ಒಂದು ಮಾದರಿ. ಅದರಲ್ಲಿಯೂ ಎಲ್ಲ ಗಿಡಗಳಲ್ಲ, ಕೆಲವು ಮಾತ್ರ.

ಅದು ಯಾವುದೆಂದು ಕೇಳಿದರೆ ಆಶ್ಚರ್ಯವಾಗುತ್ತದೆ. ನಮ್ಮ ದೇಶದ ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಒಂದು ಕಾಡು ಭತ್ತ. ಹೊಂಡ, ಹಳ್ಳ, ಕೆರೆಯಂಚಿನಲ್ಲಿ ತಾನಾಗಿ ಹುಟ್ಟಿ, ಮಾಗುವ ಮುನ್ನವೇ ಕಾಳು ಉದುರಿಸಿಕೊಂಡು ಒಣಗುವ ಗಿಡ. ಕಾಳಿಗೆ ಉದ್ದನೆಯ ಮುಳ್ಳು. ರೈತನ ಕಣ್ಣಿಗೆ ಕಳೆ. 1965ರಲ್ಲಿ ಭಾರತೀಯ ವಿಜ್ಞಾನಿಗಳಾದ ಶರ್ಮಾ ಮತ್ತು ಶಾಸ್ತ್ರಿಯವರು ಇದನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ ಇಟ್ಟ ಹೆಸರು ಒರೈಜಾ ನಿವಾರ.

ನಿವಾರವೆಂದರೆ ಮತ್ತೇನೂ ಅಲ್ಲ, ನಮ್ಮ ಸಂಸ್ಕೃತದ ನೀವಾರವೇ. ಋಷಿಮುನಿಗಳ ಆಹಾರವೆಂದು ಪುರಾಣಗಳಲ್ಲಿ ಓದಿದ ಧಾನ್ಯ. ಶಾಕುಂತಲದ ಮೊದಲ ಅಂಕದಲ್ಲಿ, ಗಿಳಿಗಳು ಕುಳಿತ ಮರದ ಪೊಟರೆಯಿಂದ ಕೆಳಗೆ ಉದುರಿದ ನೀವಾರದ ಕಾಳುಗಳನ್ನು ನೋಡಿಯೇ ದುಷ್ಯಂತನು ಇದು ತಪೋವನವೆಂದು ತಿಳಿಯುತ್ತಾನೆ. ನಾರಾಯಣ ಸೂಕ್ತದಲ್ಲಿ ಹೃದಯದೊಳಗಿನ ಜ್ಯೋತಿಯ ಸೂಕ್ಷ್ಮತೆಗೆ ಕೊಟ್ಟ ಹೋಲಿಕೆಯೂ ಈ ನೀವಾರದ ಮುಳ್ಳಿನದೇ. ನಮ್ಮ ಮನೆಗಳಲ್ಲಿ ಅದನ್ನು ಬಾಯಿಪಾಠ ಹೇಳಿದವರು ಎಷ್ಟೋ ಮಂದಿ. ಆ ಮುಳ್ಳು ನಮ್ಮದೇ ಬದುವಿನಲ್ಲಿ ಪಂಚೆಗೆ ಚುಚ್ಚಿಕೊಳ್ಳುವ ಮುಳ್ಳಿನ ಬಳಗದ್ದೆಂದು ನಾನೂ ತಿಳಿದಿರಲಿಲ್ಲ.

ಪಂಜಾಬಿನ ರೈತ ಕುಟುಂಬದಲ್ಲಿ ಹುಟ್ಟಿ ಲಾಸ್ ಬಾನ್ಯೋಸ್‌ನಲ್ಲಿ ತಳಿವಿಜ್ಞಾನಿಯಾಗಿದ್ದ ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಈ ನೀವಾರವನ್ನು ಗದ್ದೆಯ ಭತ್ತದೊಡನೆ ಸಂಕರ ಮಾಡಿದರು. ಹುಟ್ಟಿದ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿ ಬಂದಿತ್ತು. ಜೊತೆಗೆ ಕಾಳು ಉದುರಿಸುವ ಚಟವೂ ಬಂದಿತ್ತು. ಆದ್ದರಿಂದ ಅದನ್ನು ಮತ್ತೆ ಮತ್ತೆ ಗದ್ದೆಯ ಭತ್ತದೊಡನೆಯೇ ಕೂಡಿಸಿ, ಪ್ರತಿ ಪೀಳಿಗೆಯಲ್ಲೂ ರೋಗ ಹತ್ತಿಸಿ, ಬದುಕಿದವನ್ನು ಮಾತ್ರ ಉಳಿಸಿಕೊಂಡರು. ಲೆಕ್ಕ ಹಾಕಿದಾಗ ಕಂಡದ್ದೇನು? ಈ ಶಕ್ತಿ ಒಂದೇ ಒಂದು ಪ್ರಬಲ ವಂಶವಾಹಿಯದು. ಮತ್ತದೇ ಮೂರಕ್ಕೆ ಒಂದು. ಮೆಂಡಲ್‌ನ ಬಟಾಣಿಯ ತೋಟಕ್ಕೂ ನಮ್ಮ ಕೆರೆಯಂಚಿಗೂ ಒಂದೇ ಕಾನೂನು!

1974ರಲ್ಲಿ ಈ ವಂಶವಾಹಿಯಿರುವ ಮೊದಲ ತಳಿಗಳು ಹೊರಬಂದವು. 1976ರಲ್ಲಿ ಬಂದ ಐಆರ್ 36 ಎಂಬುದಂತೂ 1980ರ ದಶಕದಲ್ಲಿ ಸುಮಾರು 1.1 ಕೋಟಿ ಹೆಕ್ಟೇರ್ ಪ್ರದೇಶದಲ್ಲಿ ಬೆಳೆಯಿತು. ಒಂದೇ ತಳಿಯ ಭತ್ತವನ್ನು ಅಷ್ಟು ವಿಸ್ತಾರವಾಗಿ ಮನುಷ್ಯ ಅದುವರೆಗೆ ಬೆಳೆದದ್ದಿಲ್ಲ. ಅಷ್ಟೂ ಗದ್ದೆಗಳ ಅಷ್ಟೂ ಗಿಡಗಳಲ್ಲಿ ನೀವಾರದ ಆ ಒಂದು ಕಣ ಇತ್ತು. ಖುಷ್ ಅವರಿಗೂ ಐಆರ್ ಎಂಟನ್ನು ರೂಪಿಸಿದವರಲ್ಲೊಬ್ಬರಾದ ಹೆನ್ರಿ ಬೀಚೆಲ್ ಅವರಿಗೂ 1996ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ನಾಯಿ ಮಲಗಿದಾಗ

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಪಠ್ಯಪುಸ್ತಕದ ಪಾಠವಾಗುತ್ತಿತ್ತು. ಐಆರ್ 36ಕ್ಕೂ ಮೊದಲು, 1973ರಲ್ಲಿ, ಕಂದು ಜಿಗಿ ಹುಳುವನ್ನು ತಡೆಯುವ ಐಆರ್ 26 ಎಂಬ ತಳಿ ಬಂದಿತ್ತು. ಅದರ ರಕ್ಷಣೆಯೂ ಒಂದೇ ವಂಶವಾಹಿಯದು. ಎರಡು ಮೂರು ವರ್ಷದಲ್ಲೇ ಅದನ್ನು ತಿಂದು ಅರಗಿಸಿಕೊಳ್ಳುವ ಹುಳುಗಳು ಫಿಲಿಪ್ಪೀನ್ಸಿನಲ್ಲೂ ಇಂಡೋನೇಷ್ಯಾದಲ್ಲೂ ಹುಟ್ಟಿಕೊಂಡವು. ಐಆರ್ 36ರಲ್ಲಿ ಬೇರೊಂದು ವಂಶವಾಹಿ ಇದ್ದುದರಿಂದ ಅದು ಕೆಲಕಾಲ ತಡೆಯಿತು. ನೀವಾರದ ಕಥೆಯೂ ಹಾಗೆಯೇ. 1980ರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸಿನಲ್ಲಿ ಆ ವೈರಸ್ಸಿನ ಹೊಸ ಬಗೆಯೊಂದು ಕಾಣಿಸಿಕೊಂಡು, ನೀವಾರದ ಕಾವಲನ್ನೂ ದಾಟಿ ಒಳಬಂತು. ಕೊರಿಯಾದಲ್ಲಿ ಟೋಂಗಿಲ್ ಎಂಬ ಹೆಚ್ಚು ಇಳುವರಿಯ ತಳಿಗಳು ದೇಶಕ್ಕೆ ಅಕ್ಕಿಯ ಸ್ವಾವಲಂಬನೆಯನ್ನು ತಂದುಕೊಟ್ಟಿದ್ದವು. 1978ರಲ್ಲಿ ಅವೂ ಬೆಂಕಿ ರೋಗಕ್ಕೆ ಶರಣಾದವು.

ಬೆಂಕಿ ರೋಗದ ಶಿಲೀಂಧ್ರ ಇಂಥ ಚಾಲಾಕಿಗಳಲ್ಲಿ ಅಗ್ರಗಣ್ಯ. ಇದನ್ನು ತಡೆಯುವ ಹತ್ತಾರು ವಂಶವಾಹಿಗಳನ್ನು ಇದುವರೆಗೆ ಗುರುತಿಸಿದ್ದಾರೆ. ಫಿಲಿಪ್ಪೀನ್ಸಿನ ಟಡುಕನ್, ವಿಯೆಟ್ನಾಮಿನ ಟೆಟೆಪ್ ಎಂಬ ನಾಡ ತಳಿಗಳಿಂದ ಕೆಲವು ಪ್ರಖ್ಯಾತ ವಂಶವಾಹಿಗಳು ಸಿಕ್ಕವು. ನಮ್ಮ ಕೊಡಗಿನ ಪೊನ್ನಂಪೇಟೆಯ ಮಳೆ ಮತ್ತು ತಂಪು ಈ ರೋಗಕ್ಕೆ ಹೇಳಿ ಮಾಡಿಸಿದಂತಿರುವುದರಿಂದ, ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಹೊಸ ತಳಿಗಳನ್ನು ಒರೆಗೆ ಹಚ್ಚಿ ನೋಡುತ್ತಾರೆ. ಅಲ್ಲಿ ಬದುಕಿದ ಭತ್ತ ಬೇರೆಡೆಯೂ ಬದುಕೀತು ಎಂಬ ಭರವಸೆ.

ಮಾಲಿಯಿಂದ ತುಂಗಭದ್ರೆಗೆ

ಈಗ ಕಟಕ್‌ಗೆ ಮರಳೋಣ. ದುಂಡಾಣು ಅಂಗಮಾರಿಯೆಂಬ ಇನ್ನೊಂದು ರೋಗ 1963ರಲ್ಲಿ ಬಿಹಾರದ ಶಾಹಾಬಾದ್ ಜಿಲ್ಲೆಯಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಹಾವಳಿ ಮಾಡಿತ್ತು. ಎಲೆಯ ಅಂಚಿನಿಂದ ಒಣಗುತ್ತ ಬಂದು ಇಡೀ ಗದ್ದೆ ಹುಲ್ಲಿನ ಬಣ್ಣಕ್ಕೆ ತಿರುಗುವ ಈ ರೋಗಕ್ಕೂ ಸಿಂಪಡಣೆಯಿಂದ ಅಷ್ಟಾಗಿ ಪ್ರಯೋಜನವಿಲ್ಲ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಿಂದ ಬಂದ ಒಂದು ಕಾಡು ಭತ್ತ ಮಾತ್ರ ಈ ದುಂಡಾಣುವಿಗೆ ಜಗ್ಗುವುದಿಲ್ಲವೆಂದು ಕಟಕ್‌ನ ಎಸ್. ದೇವದತ್ ಅವರು 1983ರಲ್ಲಿ ವರದಿ ಮಾಡಿದರು. ಆ ವರದಿ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಮಾಲಿಯ ಈ ಭತ್ತವೂ ನೆಲದೊಳಗೆ ಗೆಡ್ಡೆ ಹಬ್ಬಿಸಿ ಬೆಳೆಯುವ ಕಳೆಯೇ.

ಲಾಸ್ ಬಾನ್ಯೋಸ್‌ನಲ್ಲಿ ಹಲವು ವರ್ಷ ಸಂಕರ ಮಾಡಿ, ಅದರ ಗುಣವನ್ನು ಗದ್ದೆಯ ಭತ್ತಕ್ಕೆ ತಂದರು. 1990ರಲ್ಲಿ ಆ ವಂಶವಾಹಿಗೆ ಎಕ್ಸ್‌ಎ 21 ಎಂದು ಹೆಸರಾಯಿತು. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಮೇಲಾ ರೊನಾಲ್ಡ್ ಅವರ ತಂಡ ಅದನ್ನು ಭತ್ತದ ಹನ್ನೊಂದನೆಯ ವರ್ಣತಂತುವಿನಿಂದ ಬೇರ್ಪಡಿಸಿ ಓದಿತು. ನಾನು ಹೇಳಿದ ನಾಯಿಯ ಉಪಮೆ ಇಲ್ಲಿ ಅಕ್ಷರಶಃ ನಿಜ. ಆ ವಂಶವಾಹಿ ಹುಟ್ಟಿಸುವ ಪ್ರೋಟೀನು ಜೀವಕೋಶದ ಹೊಸ್ತಿಲಲ್ಲೇ ಮೂಗು ಹೊರಗಿಟ್ಟು ಕೂರುತ್ತದೆ. ದುಂಡಾಣುವಿನ ಸುಳಿವು ತಗಲಿದೊಡನೆ ಒಳಗಿನವರನ್ನು ಎಚ್ಚರಿಸುತ್ತದೆ. ಈ ಶೋಧದಿಂದ ಲಾಭ ಬಂದರೆ ಬೀಜ ಕೊಟ್ಟ ಮಾಲಿಯಂಥ ದೇಶದ ವಿದ್ಯಾರ್ಥಿಗಳಿಗೂ ಪಾಲು ಸಲ್ಲಬೇಕೆಂದು ಆ ವಿಶ್ವವಿದ್ಯಾಲಯದಲ್ಲಿ ಒಂದು ನಿಧಿಯನ್ನೂ ಸ್ಥಾಪಿಸಿದರು. ಸಾಲವನ್ನು ಸಾಲವೆಂದು ಒಪ್ಪಿಕೊಂಡ ಆ ನಡತೆ ನನಗೆ ಮೆಚ್ಚಿಗೆಯಾಯಿತು.

ಎಲ್ಲ ರಕ್ಷಣೆಯೂ ನಾಯಿಯಿಂದಲೇ ಅಲ್ಲ. ಎಕ್ಸ್‌ಎ 13 ಎಂಬ ಇನ್ನೊಂದು ವಂಶವಾಹಿಯ ರೀತಿ ಬೇರೆ. ಈ ದುಂಡಾಣು ಬಲು ಕಿಲಾಡಿ. ಗಿಡದ ಒಂದು ವಂಶವಾಹಿಯನ್ನು ತಾನೇ ಕೆಣಕಿ ಎಬ್ಬಿಸಿ, ಜೀವಕೋಶದ ಸಕ್ಕರೆಯನ್ನು ಹೊರಕ್ಕೆ ಹರಿಯುವಂತೆ ಮಾಡಿಕೊಂಡು ತಿನ್ನುತ್ತದೆ. ಕಳ್ಳನು ಮನೆಯವರ ಕೈಯಿಂದಲೇ ಉಗ್ರಾಣದ ಬಾಗಿಲು ತೆಗೆಸಿದ ಹಾಗೆ. ಆ ವಂಶವಾಹಿಯ ಬಾಗಿಲಲ್ಲಿ ಸಣ್ಣ ವ್ಯತ್ಯಾಸವಿರುವ ಗಿಡಗಳಿಗೆ ಕಳ್ಳನ ಕರೆ ಕೇಳಿಸುವುದೇ ಇಲ್ಲ, ಬಾಗಿಲು ತೆರೆಯುವುದಿಲ್ಲ. ಆದರೆ ತಂದೆಯ ಕಡೆಯ ಪ್ರತಿ, ತಾಯಿಯ ಕಡೆಯ ಪ್ರತಿ ಎರಡೂ ಕಿವುಡಾಗಿರಬೇಕು. ಒಂದಕ್ಕೆ ಕೇಳಿಸಿದರೂ ಬಾಗಿಲು ತೆರೆದೀತು. ಇದೇ ಕಾರಣಕ್ಕೆ ಇದು ದುರ್ಬಲ ಗುಣ. ದುರ್ಬಲ ಗುಣವೆಂಬ ಮಾತನ್ನು ಮೂವತ್ತೈದು ವರ್ಷ ಪಾಠ ಮಾಡಿದ ನನಗೆ, ಅದು ಒಂದು ಗಿಡದ ಪ್ರಾಣ ಉಳಿಸುವ ಬಗೆ ತಿಳಿದದ್ದು ನಿವೃತ್ತಿಯ ನಂತರ!

ಹೈದರಾಬಾದಿನ ಕೋಶೀಯ ಮತ್ತು ಅಣು ಜೀವಶಾಸ್ತ್ರ ಕೇಂದ್ರ ಹಾಗೂ ಭತ್ತ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಎಕ್ಸ್‌ಎ 21, ಎಕ್ಸ್‌ಎ 13 ಮತ್ತು ಎಕ್ಸ್‌ಎ 5 ಈ ಮೂರನ್ನೂ ಸಾಂಬಾ ಮಸೂರಿ ತಳಿಯಲ್ಲಿ ಒಟ್ಟುಗೂಡಿಸಿದರು. 1986ರಲ್ಲಿ ಆಂಧ್ರದ ಬಾಪಟ್ಲದಿಂದ ಬಂದ ಈ ಸಾಂಬಾ ಮಸೂರಿಯನ್ನೇ ನಮ್ಮ ತುಂಗಭದ್ರಾ ಬಯಲಿನ ರೈತರು ಬಿಪಿಟಿ ಎಂದು ಕರೆಯುವುದು. ತಿನ್ನಲು ಸೊಗಸು, ರೋಗಕ್ಕೆ ಬಲು ಬೇಗ ಬಲಿ. ವಿಜ್ಞಾನಿಗಳು ವಂಶವಾಹಿಗಳನ್ನು ಹೊರಗಿನಿಂದ ತೂರಿಸಲಿಲ್ಲ, ಆದ್ದರಿಂದ ಇದು ಕುಲಾಂತರಿಯಲ್ಲ; ಹಳೆಯ ಸಂಕರದ ಹಾದಿಯನ್ನೇ ಹಿಡಿದು, ಎಳೆಯ ಸಸಿಯ ಎಲೆಯ ಚೂರಿನಲ್ಲಿ ಡಿಎನ್‌ಎ ಗುರುತುಗಳನ್ನು ನೋಡಿ ಬೇಕಾದ ಸಸಿಗಳನ್ನು ಆರಿಸಿಕೊಂಡರು. 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಬಿಡುಗಡೆಯಾಯಿತು. ಮೂರು ಕಾವಲು ಒಟ್ಟಿಗೇ ಇದ್ದರೆ ಮೂರನ್ನೂ ಒಂದೇ ಸಲ ತಪ್ಪಿಸಿಕೊಳ್ಳುವುದು ಕಳ್ಳನಿಗೆ ಬಹಳ ಕಷ್ಟ.

ಯುನ್ನಾನಿನ ರೈತರು

ಕೊನೆಯದಾಗಿ ಒಂದು ಉದಾಹರಣೆ. ಇದರಲ್ಲಿ ಹೊಸ ವಂಶವಾಹಿಯೂ ಇಲ್ಲ, ಪ್ರಯೋಗಶಾಲೆಯೂ ಇಲ್ಲ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಅಂಟಕ್ಕಿಯ ಒಂದು ರುಚಿಕರ ತಳಿ ಬೆಂಕಿ ರೋಗಕ್ಕೆ ಬಲಿಯಾಗುತ್ತಿತ್ತು. 1998 ಮತ್ತು 1999ರಲ್ಲಿ ಅಲ್ಲಿನ ಸಾವಿರಾರು ರೈತರು ಅದನ್ನು ಒಂಟಿಯಾಗಿ ನೆಡದೆ, ರೋಗ ತಡೆಯುವ ಮಿಶ್ರತಳಿಯ ನಾಲ್ಕಾರು ಸಾಲುಗಳಿಗೊಂದರಂತೆ ಅಂಟಕ್ಕಿಯ ಸಾಲು ನೆಟ್ಟರು. ಎರಡನೆಯ ವರ್ಷ ಈ ಪ್ರಯೋಗ ಮೂರು ಸಾವಿರ ಹೆಕ್ಟೇರಿಗೂ ಮಿಕ್ಕಿ ಹರಡಿತು. ಅಂಟಕ್ಕಿಯಲ್ಲಿ ರೋಗದ ತೀವ್ರತೆ ಶೇಕಡಾ 94ರಷ್ಟು ಇಳಿಯಿತು, ಇಳುವರಿ ಶೇಕಡಾ 89ರಷ್ಟು ಏರಿತು. ಸಿಂಪಡಣೆಯನ್ನೇ ಬಿಟ್ಟರು. 2000ದಲ್ಲಿ ಇದರ ವರದಿ ನೇಚರ್ ಪತ್ರಿಕೆಯಲ್ಲಿ ಬಂತು. ಒಂದು ಗಿಡದಿಂದ ಹಾರಿದ ಶಿಲೀಂಧ್ರದ ಬೀಜಕಣ ಪಕ್ಕದ ಗಿಡದ ಮೇಲೆ ಕುಳಿತರೆ, ಅಲ್ಲಿ ಬೇರೆ ನಾಯಿ! ಇಷ್ಟೇ ಗುಟ್ಟು.

ತಡವಾದ ಉತ್ತರ

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಭತ್ತಕ್ಕೂ ಹಾಗೆಯೇನಪ್ಪಾ, ಬಟಾಣಿಯ ಹಾಗೆಯೇ. ಬದುವಿನ ಭತ್ತಕ್ಕೂ ರೋಗ ಬರುತ್ತದೆ. ಕಾಡು ಭತ್ತವೆಂದ ಮಾತ್ರಕ್ಕೆ ಅದು ಅಮರವಲ್ಲ. ಆರು ಸಾವಿರದಲ್ಲಿ ಉಳಿದದ್ದು ಒಂದೇ, ಅದರಲ್ಲೂ ಕೆಲವೇ ಗಿಡ. ಆದರೆ ಬದುವಿನ ಗಿಡ ಒಂದರಂತೆ ಒಂದಿಲ್ಲ. ಒಂದಕ್ಕೆ ಬಂದದ್ದು ಪಕ್ಕದ್ದಕ್ಕೆ ಬರಲಾರದು. ನಿಮ್ಮ ಗದ್ದೆಯ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ನಿರೋಧಕ ಶಕ್ತಿಯನ್ನು ಕಾಯುವುದು ಬಲಿಷ್ಠವಾದ ಒಂದು ಗಿಡವಲ್ಲ, ಬೇರೆ ಬೇರೆಯಾಗಿರುವ ಹಲವು ಗಿಡಗಳು.

ಇದನ್ನು ಬರೆಯುವಾಗ ನನ್ನ ತಂದೆಯ ನೆನಪು ಕಾಡುತ್ತದೆ. ನಮ್ಮ ಮನೆಯಲ್ಲಿ ತಗ್ಗಿನ ಜವುಗು ಗದ್ದೆಗೆ ಹೆಗ್ಗೆ, ಹಬ್ಬದ ಅನ್ನಕ್ಕೆ ಜೀರಿಗೆ ಸಣ್ಣ, ಅವಲಕ್ಕಿಗೆ ಒಂದು ಬಗೆ, ಗಂಜಿಗೆ ಕೆಂಪಕ್ಕಿಯ ಒಂದು ಬಗೆ ಹೀಗೆ ಆರೇಳು ಭತ್ತಗಳಿದ್ದವು. ಅವುಗಳಲ್ಲೂ ರೋಗಕ್ಕೆ ಸೋಲುವವು ಇದ್ದವು, ಗೆಲ್ಲುವವು ಇದ್ದವು. ಎಲ್ಲವೂ ಒಂದೇ ವರ್ಷ ಸೋತದ್ದನ್ನು ಮಾತ್ರ ಕಾಣೆ. 1980ರ ಹೊತ್ತಿಗೆ ಒಂದೂ ಇರಲಿಲ್ಲ. ಯಾರೂ ಅವನ್ನು ಎಸೆಯಲಿಲ್ಲ. ಒಂದು ವರ್ಷ ಬಿತ್ತಲಿಲ್ಲ, ಮರುವರ್ಷವೂ ಬಿತ್ತಲಿಲ್ಲ. ಕಣಜದ ಮೂಲೆಯ ಬೀಜಕ್ಕೆ ಹುಳು ಹಿಡಿಯಿತು, ಕೋಳಿಗಳಿಗೆ ಹಾಕಿದೆವು. ಹಾಕಿದವನು ನಾನೇ, ಕಾಲೇಜು ರಜೆಗೆ ಊರಿಗೆ ಬಂದಿದ್ದೆ. ಜೀವಶಾಸ್ತ್ರದ ವಿದ್ಯಾರ್ಥಿ!

ಲಾಸ್ ಬಾನ್ಯೋಸ್‌ನ ಬೀಜ ಭಂಡಾರದಲ್ಲಿ ಇಂದು 1,30,000ಕ್ಕೂ ಹೆಚ್ಚು ಮಾದರಿಗಳಿವೆ. ಅಲ್ಲಿ ಶೀತಲ ಕೋಣೆಯಲ್ಲಿ ಬೀಜ ದಶಕಗಳ ಕಾಲ ಬದುಕುತ್ತದೆ. ನಮ್ಮ ಮನೆಯ ಕಣಜದಲ್ಲಿ ಅದು ಬದುಕಬೇಕಾದರೆ ವರ್ಷ ವರ್ಷವೂ ಬಿತ್ತುತ್ತಲೇ ಇರಬೇಕು. ನಾವು ಕೋಳಿಗೆ ಹಾಕಿದ್ದರಲ್ಲಿ ಏನಿತ್ತೋ ಇನ್ನು ತಿಳಿಯುವ ದಾರಿಯಿಲ್ಲ.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ್ದ. ಹುಡುಗನೇನು, ತಲೆ ನರೆತಿದೆ. ಅದೇ ಗದ್ದೆಯನ್ನು ಮಾಡಿಕೊಂಡಿದ್ದಾನೆ. ನಾನು ಆ ಪ್ರಶ್ನೆಯನ್ನು ನೆನಪಿಸಿ, ಅಂದು ಗದರಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಪ್ಪಾ ಎಂದೆ. ಅವನು ನಕ್ಕ. "ನಂಗೆ ನೆನಪೇ ಇಲ್ಲ ಸಾರ್. ನಾನು ಪ್ರಶ್ನೆ ಬೇರೆ ಕೇಳಿದ್ನಾ?" ಎಂದ. ಅವನಿಗೆ ನೆನಪಿಲ್ಲದ್ದು ನನಗೆ ಸಮಾಧಾನ ತರಲಿಲ್ಲ. ಅಂದು ಕೂರಿಸಿದ ಮೇಲೆ ಅವನು ಮತ್ತೆ ಪ್ರಶ್ನೆ ಕೇಳಿದ್ದು ನನಗೂ ನೆನಪಿಲ್ಲ.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ನೀವಾರದ ಕಥೆಯನ್ನು ಅವನಿಗೆ ಹೇಳಿದೆ. ಎಲೆಯ ಮೇಲಿನ ಅನ್ನವನ್ನೇ ನೋಡುತ್ತ ಕೇಳಿಸಿಕೊಂಡ. ಕೈ ತೊಳೆಯುವಾಗ ಹೇಳಿದ: "ಬದುವಿನ ಮುಳ್ಳುಭತ್ತ ಈಗ ಇಲ್ಲ ಸಾರ್. ಕಳೆನಾಶಕ ಹೊಡೀತೀವಿ. ಕೆರೆ ಏರಿ ಕೆಳಗೆ ಒಂದಿಷ್ಟು ಇರಬಹುದು, ನೋಡ್ತೀನಿ."

ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಬೇಸಾಯ ಮಾಡುವವರು ಹಲವರಿದ್ದೀರಿ. ಅಜ್ಜಿಯೋ ಅತ್ತೆಯೋ ಯಾವುದಾದರೂ ಹಳೆಯ ಭತ್ತವನ್ನು ಒಂದು ಮೂಲೆಯಲ್ಲಿ ಇಂದಿಗೂ ಬಿತ್ತುತ್ತಿದ್ದರೆ, ಅದನ್ನು ನಿಲ್ಲಿಸಬೇಡಿ. ನಿಮ್ಮಲ್ಲಿ ಮೇಷ್ಟ್ರುಗಳಾದವರೂ ಇದ್ದೀರಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ. ಆದರೆ ಕೂತ್ಕೋ ಎನ್ನಬೇಡಿ.